ಜಪಾನಿನ ಅಜ್ಜಿ ಲಿಂಗೈಕ್ಯ

ಒಬ್ಬರು ಬರೆದ ವಾಕ್ಯವನ್ನು ಇನ್ನೊಬ್ಬರು ಬರೆದರೆ ಅಕ್ಷರ ಕೆಂಪಾಗಿ ಅಳಿಸಿಹೋಗುತ್ತಿದ್ದ ಕಾಲವದು. ಹುಬ್ಬಳ್ಳಿಯ ಪದಬದಲು ಕಚೇರಿಯಲ್ಲಿ ನೀಲಗಂಗಾ ಬೆಳಿಗ್ಗೆಯಿಂದ ಒಂದು ಜಪಾನಿ ಅನಿಮೆ ಸರಣಿಯ ಕಥಾಸಾರವನ್ನು ಬೇರೆ ಪದಗಳಲ್ಲಿ ಬರೆಯುತ್ತಿದ್ದಳು. 'ಹನಾಯೆಯ ಅಜ್ಜಿ ಸತ್ತಳು' ಎಂಬಲ್ಲಿಗೆ ಬಂದು ಕೆಲಸ ನಿಂತಿತು. ಸತ್ತಳು, ತೀರಿಕೊಂಡಳು, ಅಸುನೀಗಿದಳು, ಎಲ್ಲವೂ ಕೆಂಪು. ಸರಣಿಯ ಅಭಿಮಾನಿಗಳು ಒಂದನ್ನೂ ಉಳಿಸಿರಲಿಲ್ಲ. ಕೊನೆಗೆ ಯಂತ್ರವೇ ಸೂಚಿಸಿತು: 'ಹನಾಯೆಯ ಅಜ್ಜಿ ಲಿಂಗೈಕ್ಯಳಾದಳು.' ಹಸಿರು.

"ಸರ, ಈ ಜಪಾನಿನ ಮುದುಕಿಗೆ ಲಿಂಗ ಕಟ್ಟಿದವರು ಯಾರ್ರೀ?"

ಮೇಲ್ವಿಚಾರಕ ಅರವಟಗಿ ಬಗ್ಗಿ ನೋಡಿದ. "ಹಸಿರು ಬಂತಲ್ಲ, ಮುಗೀತು. ಕಳಸ್ರಿ."

"ಹೆಂಗ ಕಳಸ್ಲಿ? ಹೋದ ವರ್ಷ ನಮ್ಮವ್ವ ಹೋದಾಗ ಪೇಪರಿಗೆ ಇದ ಮಾತು ಕೊಟ್ಟಿದ್ದೆ. ಸಾವಿರ ಮಂದಿ ಬರದಾರ ಅಂತ ಕೆಂಪು ಬಂತು. ಕಡೀಕ 'ನಮ್ಮ ತಾಯಿ ಮುಕ್ತಾಯಗೊಂಡರು' ಅಂತ ಹಾಕಸ್ಬೇಕಾತು. ಮುಕ್ತಾಯ ಆಗಾಕ ನಮ್ಮವ್ವ ಏನು ಸೀರಿಯಲ್ಲೇನ್ರೀ? ಜೀವನಪೂರ್ತಿ ಲಿಂಗಪೂಜಿ ಮಾಡಿದಾಕಿಗೆ ಸಿಗದ ಮಾತು, ಲಿಂಗಾನ ನೋಡದಾಕಿಗೆ ಸಿಕ್ಕತಲ್ಲ!"

ಹೇಳಿ ಬರೆಸುವ ಮೈಕು ತೆರೆದೇ ಇದ್ದುದರಿಂದ ಆಕೆ ಆಡಿದ್ದೆಲ್ಲ ಪರದೆಯ ಮೇಲೆ ಮೂಡಿತ್ತು. ಅರವಟಗಿ ಅದನ್ನು ಓದಿದ. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದ.

"ಅಕ್ಕಾರ, ಪೂರಾ ಹಸಿರು ಅದ ನೋಡ್ರಿ!" ಎಂದ ಸಂಭ್ರಮದಿಂದ. "ಇದನ್ನ ಯಾರೂ ಬರದಿಲ್ಲ. 'ನಮ್ಮವ್ವ' ತಗದು 'ಹನಾಯೆಯ ಅಜ್ಜಿ' ಹಾಕ್ರಿ."