ಮಾದರಿ ತೂಕ

ಇದನ್ನು ಹೇಳುವ ಹಕ್ಕು ನನಗಿಲ್ಲವೇನೋ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಅಂಗಡಿಯಲ್ಲಿ ನಡೆದದ್ದನ್ನು ಅಂಗಡಿಯವನೇ ಹೇಳಿದ. ಮನೆಯಲ್ಲಿ ನಡೆದದ್ದು ನಮ್ಮ ಎರಡು ಮನೆಗಳ ನಡುವಿನ ತೆಳು ಗೋಡೆ ದಾಟಿ ಬಂದದ್ದು. ಕೇಳಿಸಿಕೊಳ್ಳಬಾರದಿತ್ತು.

ಪಕ್ಕದ ಮನೆಯ ತೂಕದ ಸಾಹೇಬರು ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ ತಮ್ಮ ಮರದ ಪೆಟ್ಟಿಗೆ ಇಟ್ಟರು. ಅಂಗಡಿಗಳ ತಕ್ಕಡಿ ತಪಾಸಣೆ ಅವರ ಉದ್ಯೋಗ. ಪೆಟ್ಟಿಗೆಯೊಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಮಾದರಿ ತೂಕಗಳು. ಅವುಗಳ ಎದುರಿಗಿಟ್ಟು ನೋಡದೆ ಯಾರ ತೂಕವನ್ನೂ ಅವರು ಒಪ್ಪಿದವರಲ್ಲ.

"ಇವತ್ತೇ ತಗೊಂಡುಬಿಡಿ ಸರ್," ಎಂದ ಅಂಗಡಿಯವನು. "ದನಿ ಕಲಿಯೋ ಎಐ ಮನೇಲೇ ಓಡಬೇಕು ಅಂದ್ರೆ ಈ ಗ್ರಾಫಿಕ್ಸ್ ಕಾರ್ಡು, ಇಷ್ಟು ಮೆಮೊರಿ ಬೇಕೇ ಬೇಕು. ಮುಂದಿನ ವಾರ ರೇಟು ಏರುತ್ತೆ ಅಂತಿದ್ದಾರೆ."

"ಅಂತಿದ್ದಾರೆ ಅಂದ್ರೆ, ಯಾರು?"

"ಸಗಟು ವ್ಯಾಪಾರದವರು."

"ನಿಮ್ಮಪ್ಪನೂ ಹೀಗೇ ಹೇಳ್ತಿದ್ರು. ಅವರ ತಕ್ಕಡೀಲಿ ಕೇಜಿಗೆ ನಲವತ್ತು ಗ್ರಾಂ ಕಮ್ಮಿ ಇತ್ತು."

ಅಂಗಡಿಯವನು ನಕ್ಕ. "ಅಪ್ಪನ ಅಂಗಡಿಗೆ ಬೀಗ ಹಾಕಿಸಿದ್ದೂ ನೀವೇ. ಅದಕ್ಕೇ ನಾನು ತೂಗೋ ಸಾಮಾನು ಮಾರಲ್ಲ." ಆಮೇಲೆ ದನಿ ತಗ್ಗಿಸಿದ. "ರೇಟು ಏರುತ್ತೋ ಇಳಿಯುತ್ತೋ ನಿಜವಾಗಿ ನನಗೂ ಗೊತ್ತಿಲ್ಲ ಸರ್. ಅಕ್ಕನ ದನಿ ಮಾತ್ರ ಇನ್ನು ಇಳಿಯೋದೇ."

ಅಳುವ ಗಂಡಸನ್ನು ನಂಬಬಾರದು ಅನ್ನುತ್ತಾರೆ. ಮರುಗುವ ವ್ಯಾಪಾರಿಯನ್ನು ನಂಬುವುದುಂಟೇ? ಸಾಹೇಬರು ಪೆಟ್ಟಿಗೆ ಎತ್ತಿಕೊಂಡು ಹೊರಟುಬಂದರು.

ಅಕ್ಕ ಅಂದರೆ ಸಾಹೇಬರ ಹೆಂಡತಿ, ನಮ್ಮ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವವರು. ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಐದು ವಾರದಾಚೆಗೆ ದಿನ ಗೊತ್ತು ಮಾಡಿದ್ದರು. ಅಷ್ಟರೊಳಗೆ ದನಿಯನ್ನು ಹಿಡಿದಿಟ್ಟರೆ, ಆಮೇಲೆ ಅವರು ಟೈಪ್ ಮಾಡಿದ್ದನ್ನು ಯಂತ್ರ ಅವರದೇ ದನಿಯಲ್ಲಿ ಹೇಳುತ್ತದಂತೆ. ಮುಖ ಕಾಣದ ಕಂಪನಿಯೊಂದಕ್ಕೆ ಹೆಂಡತಿಯ ದನಿ ಒಪ್ಪಿಸಲು ಸಾಹೇಬರು ಸುತರಾಂ ತಯಾರಿರಲಿಲ್ಲ. ಹಾಗಾಗಿ ಯಂತ್ರ ಮನೆಗೇ ಬರಬೇಕು. ಯಾವಾಗ ಎಂಬುದೇ ಪ್ರಶ್ನೆ. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ಇದೇ ಮಾತು.

"ಫೋನಲ್ಲಿರೋ ಎಐನ ಕೇಳಿದೆ. ಎರಡು ತಿಂಗಳು ಕಾಯಿ ಅಂತು," ಎಂದರು ಸಾಹೇಬರು ಒಂದು ದಿನ.

"ನನಗೆ ಎರಡು ತಿಂಗಳು ಎಲ್ಲಿದೆ?"

"ನಾನೇನು ಅದನ್ನ ನಂಬಿದೆ ಅಂದ್ನಾ? ಒಲೆ ಯಾವಾಗ ಕೊಳ್ಳಲಿ ಅಂತ ಹೋಟೆಲಿನವನನ್ನ ಕೇಳಿದ ಹಾಗೆ. ಎಲ್ಲರೂ ಮನೇಲೇ ಬೇಯಿಸಿಕೊಂಡ್ರೆ ಅವನಿಗೆ ಗಿರಾಕಿ ಎಲ್ಲಿ?"

"ಬೇಗ ತಗೋ ಅಂದವನ ಮೇಲೂ ಅನುಮಾನ, ಕಾಯಿ ಅಂದದ್ದರ ಮೇಲೂ ಅನುಮಾನ. ಅಲ್ಲೀವರೆಗೆ ಫೋನಲ್ಲಾದ್ರೂ ಹಿಡಿದಿಡೋಣ ರೀ. ಏನು ಮಾತಾಡಲಿ ಹೇಳಿ."

"ಬೇಡ. ಫೋನಲ್ಲಿ ಆಡಿದ್ದು ಯಾರ್ಯಾರ ಕಿವಿಗೆ ಹೋಗುತ್ತೋ. ಮೆಷಿನ್ ಬರಲಿ, ನೇರ ಅದಕ್ಕೇ ಮಾತಾಡು."

"ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಎಂದರು ಅಕ್ಕ. ಗಾದೆಯ ಕೊನೆ ಕೆಮ್ಮಿನಲ್ಲಿ ಮುಳುಗಿತು.

ರೇಟು ಏರಿತು. ಸಾಹೇಬರು ಕಾದರು. ನಾಲ್ಕು ವಾರ ಕಳೆದ ಮೇಲೆ ಇಳಿಯಿತು, ಮೊದಲಿಗಿಂತಲೂ ತುಸು ಕೆಳಗೆ. ಶಸ್ತ್ರಚಿಕಿತ್ಸೆಗೆ ಮೂರು ದಿನ ಇದ್ದಾಗ ಯಂತ್ರ ಮನೆಗೆ ಬಂತು. "ನೋಡಿದ್ಯಾ, ಮೋಸ ಹೋಗಲಿಲ್ಲ," ಎಂದು ಸಾಹೇಬರು ಅಂದದ್ದು ನನಗೂ ಕೇಳಿಸಿತು. ಅಕ್ಕ ಏನೆಂದರೋ ಕೇಳಿಸಲಿಲ್ಲ. ಅಷ್ಟು ಹೊತ್ತಿಗೆ ಅವರ ದನಿ ಗೋಡೆ ದಾಟುತ್ತಿರಲಿಲ್ಲ. ಮೈಕಿನ ಮುಂದೆ ಕೂತು, ಗುಟುಕು ಗುಟುಕು ನೀರು ಕುಡಿಯುತ್ತ, ಕೈಗೆ ಸಿಕ್ಕಿದ ಅಳತೆ ಪುಸ್ತಕವನ್ನೇ ಎರಡು ದಿನ ಓದಿದರಂತೆ: ತೋಳು ಇಷ್ಟು, ಸೊಂಟ ಇಷ್ಟು, ಉದ್ದ ಇಷ್ಟು.

ತಿಂಗಳ ಮೇಲೆ, ಹೊಲಿಯಲು ಕೊಟ್ಟಿದ್ದ ಬಟ್ಟೆ ತರಲು ಹೋದೆ. ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ ಅಕ್ಕ ನನ್ನನ್ನು ಕೂರಲು ಸನ್ನೆ ಮಾಡಿ, ಕೀಲಿಮಣೆಯ ಮೇಲೆ ಬೆರಳಾಡಿಸಿದರು.

"ರೀ, ಟೀ ಆರ್ತಾ ಇದೆ," ಎಂದಿತು ಯಂತ್ರ. ಒಣಗಿದ, ಅಂಚು ಬಿಟ್ಟುಕೊಂಡ ದನಿ.

ಸಾಹೇಬರು ಟೀ ಮುಟ್ಟಲಿಲ್ಲ. ಸ್ಪೀಕರಿಗೆ ಕಿವಿ ತಂದು, "ಇನ್ನೊಂದು ಸಲ ಅನ್ನಿಸು," ಎಂದರು. ಮೂರು ಸಲ ಅನ್ನಿಸಿದರು. ತಕ್ಕಡಿಯ ಮುಳ್ಳು ನೋಡುವವರಂತೆ ಕಣ್ಣು ಕಿರಿದು ಮಾಡಿ, "ಕಮ್ಮಿ ಇದೆ," ಎಂದರು.

ಅಕ್ಕ ಸದ್ದಿಲ್ಲದೆ ನಕ್ಕು ಮತ್ತೆ ಟೈಪ್ ಮಾಡಿದರು.

"ಎಷ್ಟು ಕಮ್ಮಿ?" ಕೇಳಿತು ಯಂತ್ರ.

ಸಾಹೇಬರ ಕೈ ಅಭ್ಯಾಸಬಲದಿಂದ ಪಕ್ಕದ ಮರದ ಪೆಟ್ಟಿಗೆಗೆ ಹೋಯಿತು. ಕೊಂಡಿ ತೆಗೆಯಿತು. ಹಾಗೇ ನಿಂತಿತು.

ಎಷ್ಟು ಕಮ್ಮಿ ಎಂದು ನನಗೂ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಗೋಡೆಯಾಚೆಯಿಂದ ಕೇಳಿದ ದನಿ. ಈಗ ಎಷ್ಟು ನೆನೆಸಿಕೊಂಡರೂ ಕಿವಿಗೆ ಬರುವುದು ಯಂತ್ರದ್ದೇ.