ಕೈಯಿಂದ ಇಳಿಸಿದ ತಾಳ

ತಾನಾಗಿ ಹಾಡು ಬೆರೆಸುವ ಸಾಫ್ಟ್‌ವೇರ್‌ಗೆ ಬಾಡಿಗೆ ಆರುನೂರು ರೂಪಾಯಿ, ಕೈಯಿಂದ ತಿರುಗಿಸುವ ಕಂಟ್ರೋಲರ್‌ಗೆ ಎರಡು ಸಾವಿರ. ಕುಣಿಯುವವರ ಎದೆಬಡಿತ ನಿಜವಾಗಿಯೂ ಸ್ಪೀಕರಿನ ತಾಳಕ್ಕೇ ಕಟ್ಟಿಕೊಂಡು, ತಾಳ ಏರಿದರೆ ಏರುವ, ನಿಂತರೆ ನಿಲ್ಲುವ ಕಾಲವದು. ಅಗ್ಗದ್ದೇ ಸಾಕೆಂದು ಎಲ್ಲರೂ ಹೇಳಿದರೂ ಡಿಜೆ ಸುಗಂಧಿ ಉಡುಪಿಯ ಮದುವೆಮನೆಯೊಂದರ ಮೆಹಂದಿ ರಾತ್ರಿಯ ಕುಣಿತಕ್ಕೆ ಎರಡನ್ನೂ ತಂದಿದ್ದಳು.

ಸಾಫ್ಟ್‌ವೇರ್ ತಾಳ ಏರಿಸುತ್ತಿದ್ದಾಗ ಮದುಮಗಳ ಅಜ್ಜ ಕುಣಿಯುತ್ತಲೇ ಎದೆ ಹಿಡಿದುಕೊಂಡರು. ಹಾಡು ಮುಗಿಯದೆ ಅದು ತಾಳ ಇಳಿಸದು. ಥಟ್ಟನೆ ನಿಲ್ಲಿಸಿದರೆ ಎಲ್ಲರ ಎದೆಯೂ ನಿಂತೀತು. ಸುಗಂಧಿ ಹಾಡನ್ನು ಕಂಟ್ರೋಲರಿಗೆ ದಾಟಿಸಿ, ಅದರ ಚಕ್ರವನ್ನು ಬೆರಳಿನಿಂದ ಮೆಲ್ಲಮೆಲ್ಲನೆ ಹಿಂದಕ್ಕೆಳೆದು ತಾಳ ಇಳಿಸಿದಳು.

"ಎಂತ ಮಾರಾಯ್ತಿ, ಭಜನೆಯಾ ಇದು?" ಮದುಮಗಳ ಅಣ್ಣ ಕಿರುಚಿದ. "ದುಡ್ಡು ಕೊಡುದಿಲ್ಲ!"

"ಕೊಡ್ಬೇಡಿ ಮಾರ್ರೆ. ಮೊದ್ಲು ಅಜ್ಜನನ್ನು ಹಿಡ್ಕೊಳ್ಳಿ!"

ಕುಣಿತ ನಡಿಗೆಯಷ್ಟು ನಿಧಾನವಾಯಿತು. ಅಜ್ಜ ಕುರ್ಚಿಯಲ್ಲಿ ಕುಳಿತು ನೀರು ಕೇಳಿದರು.

ಸುಗಂಧಿಗೆ ಅಂದಿನ ಸಂಪಾದನೆ ಹೋಯಿತು. ಅಜ್ಜ ಉಳಿದರು.