ಎಡಗೈ ಹಾಕಿದ ಗಂಟು

ಬಳ್ಳಾರಿಯ ಜೀನ್ಸ್ ಕಾರ್ಖಾನೆಯ ಕೆಲಸ ಸಮುದ್ರದಾಚೆಗೆ ಹೋದಾಗ, ಎಲ್ಲರ ಕಸುಬಿನಂತೆ ರೇಣವ್ವನ ಹೊಲಿಗೆಯ ಕಸುಬೂ ಅವಳ ಕೈಬಿಟ್ಟು ಅದರ ಹಿಂದೆಯೇ ಹೋಗಿ, ಸೂಜಿ ಹಿಡಿಯುವುದೇ ಕೈಗೆ ಮರೆತಿತ್ತು. ಕಸುಬು ಪೂರ್ತಿ ಹೋದವರಿಗಷ್ಟೇ ಸರ್ಕಾರದ ನೆರವು.

ಕಚೇರಿಯಲ್ಲಿ ಅದನ್ನು ಪರೀಕ್ಷಿಸಲು ಅಧಿಕಾರಿ ಶರಣಮ್ಮ ಸೂಜಿದಾರ, ಗುಂಡಿ, ಬಟ್ಟೆಯ ತುಂಡು ಮುಂದಿಟ್ಟರು. "ಹೊಲಿದು ನೋಡಮ್ಮ."

ರೇಣವ್ವನ ಬಲಗೈ ಸೂಜಿ ಹಿಡಿಯಲಾರದೆ ತಡವರಿಸಿತು. ಸದ್ಯ, ನೆರವು ಸಿಕ್ಕಂತೆಯೇ ಎಂದುಕೊಂಡಳು. ಅಷ್ಟರಲ್ಲಿ ಎಡಗೈ ತಾನಾಗಿ ಸೂಜಿ ಎತ್ತಿಕೊಂಡು ಗುಂಡಿ ಹೊಲಿದು, ಅವಳು ಎಂದೂ ಹಾಕಿರದ ಗಂಟೊಂದನ್ನು ಹಾಕಿತು.

"ನೀನು ಎಡಚಿಯಾ?"

"ಅಲ್ರೀ. ಇದು ನನ್ನ ಹೊಲಿಗೀನೇ ಅಲ್ಲ."

ಶರಣಮ್ಮ ದನಿ ತಗ್ಗಿಸಿದರು. "ಅಲ್ಲಿನ ಕಾರ್ಖಾನೆಯೂ ಮುಚ್ಚಿತಂತೆ. ಅಲ್ಲಿದ್ದ ಯಾರೋ ಹೆಂಗಸಿನ ಕಸುಬು ನಿನ್ನ ಕೈಗೆ ಬಂದುಬಿಟ್ಟಿದೆ. ಕಸುಬಿದ್ದವರಿಗೆ ನೆರವು ಕೊಡೋ ಹಾಗಿಲ್ಲಮ್ಮ."

"ಮತ್ತ ಆಕಿ ಕೈಯಾಗ ಏನು ಉಳಿದೈತ್ರೀ?"

ಶರಣಮ್ಮ ಮುಂದಿನವರನ್ನು ಕರೆದರು.

ರೇಣವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಎಡಗೈ ಸುಮ್ಮನಿರಲಿಲ್ಲ. ಎದುರಿಗೆ ಪುಟ್ಟ ಹುಡುಗಿಯೊಬ್ಬಳು ಬೆನ್ನು ಮಾಡಿ ಕುಳಿತಿರುವಂತೆ, ಗಾಳಿಯಲ್ಲೇ ಅವಳ ತಲೆ ಸವರಿ ಜಡೆ ಹೆಣೆಯತೊಡಗಿತು. ಒಂದೇ ಕೈಯಲ್ಲಿ ಆಗದೆ ಮತ್ತೆ ಮತ್ತೆ ತಡಕಾಡಿತು. ಮಕ್ಕಳಿಲ್ಲದ ರೇಣವ್ವ ಸ್ವಲ್ಪ ಹೊತ್ತು ನೋಡಿ, ತನ್ನ ಬಲಗೈಯನ್ನೂ ಅದಕ್ಕೆ ಕೊಟ್ಟಳು.